ಈರುಳ್ಳಿಗೊಂದು ಮೊಹರು

ಸಂತೆಯಲ್ಲಿ ತರಕಾರಿ ಕೊಳ್ಳುವವರಿಗೆ ಅವರ ಕೈಯೇ ಕಾಯಿದೆ. ಬೆಂಡೆಕಾಯಿಯ ತುದಿಯನ್ನು ಚಟಕ್ಕನೆ ಮುರಿದು ನೋಡುತ್ತಾರೆ. ಬದನೆಕಾಯಿಯನ್ನು ತಿರುಗಿಸಿ ತೊಟ್ಟಿನ ಬಳಿ ಹುಳುವಿನ ತೂತು ಇದೆಯೇ ಎಂದು ಹುಡುಕುತ್ತಾರೆ. ಈರುಳ್ಳಿಯ ಕತ್ತನ್ನು ಹೆಬ್ಬೆರಳಿನಿಂದ ಅದುಮಿ ಗಟ್ಟಿಯೋ ಮೆತ್ತಗೋ ಎಂದು ಪರೀಕ್ಷಿಸುತ್ತಾರೆ. ಮಾರುವವಳು ಗೊಣಗುತ್ತಾಳೆ, ಕೊಳ್ಳುವವಳು ಚೌಕಾಸಿ ಮಾಡುತ್ತಾಳೆ, ಐದು ನಿಮಿಷದಲ್ಲಿ ವ್ಯವಹಾರ ಮುಗಿಯುತ್ತದೆ. ಇದಕ್ಕೆ ಸರ್ಕಾರದ ನಿಯಮವೂ ಬೇಡ, ಇನ್ಸ್‌ಪೆಕ್ಟರೂ ಬೇಡ. ಆದರೆ ಮಾಲು ಚಿಕ್ಕಬಳ್ಳಾಪುರದ ಹೊಲದಲ್ಲಿದ್ದು, ಕೊಳ್ಳುವವನು ಕೊಲಂಬೊದಲ್ಲಿಯೋ ಸಿಂಗಪುರದಲ್ಲಿಯೋ ಕುಳಿತಿದ್ದರೆ? ಅವನ ಹೆಬ್ಬೆರಳು ಇಲ್ಲಿಗೆ ಎಟುಕುವುದಿಲ್ಲ. ವಿಂಗಡಣೆ, ಚೀಲಕಟ್ಟು, ತಪಾಸಣೆ ಎಂದು ಸರ್ಕಾರಿ ಕಡತಗಳು ಕರೆಯುವುದೆಲ್ಲವೂ ಆ ಹೆಬ್ಬೆರಳಿಗೆ ಬದಲಾಗಿ ಮನುಷ್ಯ ಕಂಡುಕೊಂಡ ಏರ್ಪಾಡು. ಅದರ ಚರಿತ್ರೆಯನ್ನೂ ಅದರ ಹೊರೆ ಯಾರ ಹೆಗಲಿಗೆ ಬಿತ್ತೆಂಬುದನ್ನೂ ನಮ್ಮ ನಾಡಿನ ಒಂದು ಪುಟ್ಟ ಗಡ್ಡೆಯ ನೆಪದಲ್ಲಿ ಇಲ್ಲಿ ಹೇಳಬಯಸುತ್ತೇನೆ.

ಈ ಏರ್ಪಾಡಿನ ಬೇರು ಹಳೆಯದು. ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಗಡಿ ಕಾಯುವ ಅಂತಪಾಲನಿಗೆ ಒಂದು ಕೆಲಸವನ್ನು ವಿಧಿಸಲಾಗಿದೆ. ಹೊರನಾಡಿನಿಂದ ಬಂದ ವರ್ತಕರ ಸಾರ್ಥವನ್ನು ಅವನು ತಡೆದು, ಸರಕಿನಲ್ಲಿ ಸಾರವುಳ್ಳದ್ದು ಯಾವುದು, ಜೊಳ್ಳು ಯಾವುದು ಎಂದು ನೋಡಿ, ಗುರುತಿನ ಮುದ್ರೆಯೊತ್ತಿ, ಸುಂಕದ ಅಧ್ಯಕ್ಷನ ಬಳಿಗೆ ಕಳುಹಿಸಬೇಕು. ಮುದ್ರೆಯಿಲ್ಲದೆ ಬಂದ ಸರಕಿಗೆ ಸುಂಕದ ಇಮ್ಮಡಿ ದಂಡ, ಕಳ್ಳಮುದ್ರೆಯಾದರೆ ಎಂಟುಪಟ್ಟು. ಇದನ್ನು ಓದಿದವರು ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು ಎಂದು ಹಿಗ್ಗುವುದುಂಟು. ನನಗೆ ಅಷ್ಟು ಹಿಗ್ಗು ಬರುವುದಿಲ್ಲ. ಆ ಮುದ್ರೆ ಕಾಯುತ್ತಿದ್ದುದು ಅರಸನ ಬೊಕ್ಕಸವನ್ನೇ ಹೊರತು ಕೊಳ್ಳುವವನನ್ನಲ್ಲ. ಬೆಳೆದವನಂತೂ ಆ ಅಧ್ಯಾಯದಲ್ಲಿ ಕಾಣಿಸುವುದೇ ಇಲ್ಲ.

ಕೊಳ್ಳುವವನ ಸಲುವಾಗಿ ನಿಯಮಗಳು ಹುಟ್ಟಿದ್ದು ಹಡಗಿನ ವ್ಯಾಪಾರ ದೊಡ್ಡದಾದ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಿಂದೂಸ್ಥಾನದ ಗೋಧಿ ಲಂಡನ್ನಿಗೆ ಹೋಗುತ್ತಿದ್ದಾಗ ನಡೆದ ಸಂಗತಿ ಸ್ವಾರಸ್ಯವಾಗಿದೆ. ಅಲ್ಲಿನ ವರ್ತಕರ ಕರಾರುಪತ್ರದಲ್ಲಿ ಗೋಧಿಯ ಜೊತೆಗೆ ಶೇಕಡಾ ಇಂತಿಷ್ಟು ಮಣ್ಣು, ಕಸ, ಬೇರೆ ಕಾಳು ಇರಬಹುದೆಂದು ಒಪ್ಪಿಕೊಳ್ಳಲಾಗಿತ್ತು. ಶುದ್ಧವಾದ ಗೋಧಿ ಕಳುಹಿಸಿದವನಿಗೆ ಹೆಚ್ಚಿನ ಬೆಲೆಯೇನೂ ದೊರೆಯುತ್ತಿರಲಿಲ್ಲ. ಪರಿಣಾಮವನ್ನು ಊಹಿಸಬಹುದು. ರೈತನ ಕಣದಿಂದ ಹಸನಾಗಿ ಬಂದ ಗೋಧಿಗೆ ನಡುವಿನ ವರ್ತಕ ಕರಾರಿನ ಮಿತಿ ಮುಟ್ಟುವವರೆಗೆ ಮಣ್ಣು ಬೆರೆಸಿದ. ಕೆಟ್ಟ ಹೆಸರು ಬಂದದ್ದು ಮಾತ್ರ ನಮ್ಮ ರೈತನಿಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ಕರಾರನ್ನು ತಿದ್ದಿದ ಮೇಲೆಯೇ ಮಣ್ಣು ಕಡಿಮೆಯಾದದ್ದು.

1926ರಲ್ಲಿ ನೇಮಕವಾಗಿ 1928ರಲ್ಲಿ ವರದಿಯೊಪ್ಪಿಸಿದ ಕೃಷಿಯ ರಾಯಲ್ ಆಯೋಗ ಮಾರಾಟದ ಈ ಅವ್ಯವಸ್ಥೆಯನ್ನು ವಿವರವಾಗಿ ಪರಿಶೀಲಿಸಿತು. ಅದರ ಅಧ್ಯಕ್ಷರು ಲಿನ್‌ಲಿತ್‌ಗೋ. 1935ರಲ್ಲಿ ಮಾರಾಟ ಮತ್ತು ತಪಾಸಣೆಗೆಂದೇ ಒಂದು ಕೇಂದ್ರ ಇಲಾಖೆ ಹುಟ್ಟಿತು. 1934ರಿಂದ 1941ರವರೆಗೆ ಭಾರತ ಸರ್ಕಾರಕ್ಕೆ ಕೃಷಿ ಮಾರಾಟದ ಸಲಹೆಗಾರರಾಗಿದ್ದ ಆರ್ಚಿಬಾಲ್ಡ್ ಮ್ಯಾಕ್‌ಡೊನಾಲ್ಡ್ ಲಿವಿಂಗ್‌ಸ್ಟನ್ ಎಂಬವರು ರೂಪಿಸಿದ ಕಾಯಿದೆ 1937ರಲ್ಲಿ ಜಾರಿಗೆ ಬಂದಿತು. ಆಗ ವೈಸರಾಯರಾಗಿದ್ದವರು ಅದೇ ಲಿನ್‌ಲಿತ್‌ಗೋ! ತುಪ್ಪದ ಡಬ್ಬಿಯ ಮೇಲೆ, ಜೇನಿನ ಸೀಸೆಯ ಮೇಲೆ ನಾವೆಲ್ಲ ನೋಡಿರುವ 'ಅಗ್‌ಮಾರ್ಕ್' ಎಂಬ ಗುರುತು ಆ ಕಾಯಿದೆಯ ಕೂಸು. ಕಾಯಿದೆಯ ಅನುಬಂಧದಲ್ಲಿ ಮೊದಲು ಬರುವ ಹೆಸರು ಹಣ್ಣು, ಎರಡನೆಯದು ತರಕಾರಿ.

ಕಾಯಿದೆಯ ಸ್ವರೂಪ ಸೌಮ್ಯವಾದುದು. ದರ್ಜೆಗಳನ್ನು ಸರ್ಕಾರ ಗೊತ್ತುಪಡಿಸುತ್ತದೆ; ಗುರುತು ಹಾಕಿಕೊಳ್ಳಲು ಇಷ್ಟವಿದ್ದವನು ಅನುಮತಿಪತ್ರ ಪಡೆದು ಹಾಕಿಕೊಳ್ಳಬಹುದು. ಬೇಡವಾದವನಿಗೆ ಬಲವಂತವಿಲ್ಲ. ಆದರೆ ರಫ್ತಿನ ವಿಷಯ ಬಂದಾಗ ಸೌಮ್ಯತೆ ಸಾಲದಾಯಿತು. 1878ರ ಕಡಲ ಸುಂಕದ ಕಾಯಿದೆಯಲ್ಲಿ ಸರಕನ್ನು ತಡೆಹಿಡಿಯುವ ಅಧಿಕಾರವಿತ್ತು. ಅದನ್ನು ಇದಕ್ಕೆ ಜೋಡಿಸಿ, ದರ್ಜೆಯ ಮೊಹರಿಲ್ಲದೆ ಇಂತಿಂಥ ಸರಕು ಬಂದರು ದಾಟಕೂಡದೆಂದು 1940ರ ದಶಕದಲ್ಲಿ ಕಟ್ಟುಮಾಡಿದರು. ಮೊದಲು ಅಪ್ಸೆಣಬು ಮತ್ತು ತಂಬಾಕು, ಆಮೇಲೆ ಇನ್ನಿತರ ಸರಕುಗಳು. ಸ್ವಾತಂತ್ರ್ಯಾನಂತರ 1963ರಲ್ಲಿ ರಫ್ತಿನ ಗುಣಮಟ್ಟ ಮತ್ತು ತಪಾಸಣೆಗೆ ಪ್ರತ್ಯೇಕ ಕಾಯಿದೆಯೇ ಆಯಿತು. ಮರುವರ್ಷ ಅದಕ್ಕೊಂದು ಮಂಡಲಿ ಬಂದಿತು.

ಇನ್ನು ನಮ್ಮ ಗಡ್ಡೆಯ ವಿಷಯ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕೆಂಪುಮಣ್ಣಿನಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಯನ್ನು ನಮ್ಮಲ್ಲಿ ಅನೇಕರು ತಿಂದೇ ಇಲ್ಲ. ಬಣ್ಣ ಕಡುಗೆಂಪು, ಆಕಾರ ತುಸು ಚಪ್ಪಟೆಯಾದ ಗುಂಡು, ಘಾಟು ಜೋರು. ಹುಳಿಗೋ ಗೊಜ್ಜಿಗೋ ನಮ್ಮ ಮನೆಗಳಲ್ಲಿ ದೊಡ್ಡ ಈರುಳ್ಳಿಯೇ ಆಗಬೇಕು. ಈ ಪುಟ್ಟದ್ದು ಬೆಳೆಯುವುದು ಬಹುಮಟ್ಟಿಗೆ ಶ್ರೀಲಂಕಾ, ಮಲೇಷ್ಯಾ, ಸಿಂಗಪುರಗಳ ಅಡುಗೆಮನೆಗಳಿಗಾಗಿ. ಬೇಸಾಯ ನಮ್ಮದು, ನಾಲಗೆ ಅವರದು. ಆದಕಾರಣ ಅದರ ಗಾತ್ರವನ್ನು ನಿಶ್ಚಯಿಸಿದವರೂ ಅವರೇ. ಅಡ್ಡಳತೆ ಸುಮಾರು 25ರಿಂದ 35 ಮಿಲಿಮೀಟರು, ಅಂದರೆ ದೊಡ್ಡ ನೆಲ್ಲಿಕಾಯಿಯಷ್ಟು.

ಅಂಥ ಈರುಳ್ಳಿಯನ್ನು ವಿಂಗಡಿಸುವ ಒಂದು ಕೊಟ್ಟಿಗೆಯಲ್ಲಿ ನಾನು ಅರ್ಧ ದಿನ ಕುಳಿತು ನೋಡಿದ್ದೇನೆ. ಕಿತ್ತ ಗಡ್ಡೆಯನ್ನು ಸೊಪ್ಪಿನ ಸಮೇತ ಹೊಲದಲ್ಲೇ ಒಣಗಿಸಿ, ಕತ್ತು ಬಾಡಿ ಬಿಗಿದ ಮೇಲೆ ಸೊಪ್ಪು ಕೊಯ್ದು ತಂದು ರಾಶಿ ಹಾಕಿರುತ್ತಾರೆ. ರಾಶಿಯ ಸುತ್ತ ಹೆಂಗಸರು. ಅವರ ಕೈ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಜೋಡಿಗಡ್ಡೆ ಒಂದು ಕಡೆ. ಹೂದಂಟು ಬಂದು ನಡುವೆ ಗಟ್ಟಿಯಾದದ್ದು ಒಂದು ಕಡೆ. ಕತ್ತು ದಪ್ಪನಾದದ್ದು, ಮೊಳಕೆಯೊಡೆದದ್ದು, ಬಿಸಿಲಿಗೆ ಬೆಂದದ್ದು, ಸಿಪ್ಪೆ ಸುಲಿದು ಬೆತ್ತಲಾದದ್ದು ಒಂದು ಕಡೆ. ಅಳತೆಗೋಲನ್ನು ಅವರು ಯಾರೂ ಮುಟ್ಟಲಿಲ್ಲ. ಒಬ್ಬ ಮುದುಕಿಯನ್ನು, "ಅವ್ವಾ, ಇದು ಸಣ್ಣದು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿ, "ನಿಮಗೆ ಉಪ್ಪು ಕಮ್ಮಿ ಅಂತ ಹೆಂಗ್ ಗೊತ್ತಾಗ್ತೈತೆ ಸಾಮಿ?" ಎಂದು ತಿರುಗಿ ಕೇಳಿದಳು.

ಇಷ್ಟೊಂದು ಕಟ್ಟುನಿಟ್ಟು ಏಕೆಂದು ಅನ್ನಿಸಬಹುದು. ಈರುಳ್ಳಿ ಕಿತ್ತ ಮೇಲೂ ಉಸಿರಾಡುವ ವಸ್ತು. ಚೀಲದೊಳಗೆ ಬಿಸಿಯೂ ತೇವವೂ ಹುಟ್ಟುತ್ತವೆ. ಕತ್ತು ಒಣಗದ ಒಂದು ಗಡ್ಡೆ ಹಡಗಿನ ಹೊಟ್ಟೆಯ ಸೆಕೆಯಲ್ಲಿ ಕೊಳೆತರೆ ಅದರ ರಸ ಅಕ್ಕಪಕ್ಕದವನ್ನು ನೆನೆಸಿ, ದಡ ಮುಟ್ಟುವಷ್ಟರಲ್ಲಿ ಚೀಲವೇ ನಾರುತ್ತದೆ. ಗಾಳಿಯಾಡುವ ಬಲೆಚೀಲ ಬೇಕೆಂಬ ನಿಯಮ, ಚೀಲಗಳನ್ನು ಒತ್ತೊತ್ತಾಗಿ ಪೇರಿಸಬಾರದೆಂಬ ನಿಯಮ ಹುಟ್ಟಿದ್ದು ಹೀಗೆ. ಯಾವ ಗುಮಾಸ್ತನ ಚಪಲದಿಂದಲೂ ಅಲ್ಲ, ಕೊಳೆತ ಈರುಳ್ಳಿಯ ವಾಸನೆಯಿಂದ. ತಪಾಸಣೆಯ ಅಧಿಕಾರಿ ಪ್ರತಿ ಚೀಲವನ್ನೂ ಬಿಚ್ಚಲಾರ. ರಾಶಿಯ ನಡುವಿನಿಂದ, ಬುಡದಿಂದ, ತನಗೆ ತೋಚಿದ ಚೀಲಗಳನ್ನು ಎಳೆಸಿ, ಸುರಿದು, ಎಣಿಸಿ ತೂಗುತ್ತಾನೆ. ಈಗಿನ ಅಗ್‌ಮಾರ್ಕ್ ನಿಯಮಗಳಲ್ಲಿ ತರಕಾರಿಗೆ ಮೂರು ದರ್ಜೆಗಳಿವೆ: ಉತ್ಕೃಷ್ಟ, ಒಂದು, ಎರಡು. ಉತ್ಕೃಷ್ಟದಲ್ಲಿಯೂ ನೂರಕ್ಕೆ 5ರಷ್ಟು ಲೋಪಕ್ಕೆ ಮಾಫಿ ಉಂಟು, ಉಳಿದೆರಡರಲ್ಲಿ 10ರಷ್ಟು. ಕಾಯಿದೆ ಬರೆದವರು ಮಣ್ಣನ್ನೂ ಮಳೆಯನ್ನೂ ಅಷ್ಟರಮಟ್ಟಿಗಾದರೂ ನೆನೆದರಲ್ಲ ಎಂದು ನನಗೆ ಸಮಾಧಾನ.

ಈರುಳ್ಳಿಯ ರಫ್ತನ್ನು ಬಹುಕಾಲ ನಾಫೆಡ್ ಎಂಬ ಸಹಕಾರ ಮಹಾಮಂಡಲದ ಮೂಲಕವೇ ಹಾಯಿಸಲಾಗುತ್ತಿತ್ತು. 1958ರಲ್ಲಿ ಹುಟ್ಟಿದ ಆ ಸಂಸ್ಥೆ, ತನ್ನೊಡನಿದ್ದ ರಫ್ತುದಾರರ ಜೊತೆಗೂಡಿ 1977ರಲ್ಲಿ ಈರುಳ್ಳಿಗೆಂದೇ ಒಂದು ಸಂಶೋಧನ ಪ್ರತಿಷ್ಠಾನವನ್ನು ಸ್ಥಾಪಿಸಿತು. ಬಂದರಿನಲ್ಲಿ ತಿರಸ್ಕಾರವಾಗುವ ಚೀಲದ ಮದ್ದು ಬಂದರಿನಲ್ಲಿಲ್ಲ, ಬೀಜದಲ್ಲಿಯೂ ಒಣಗಿಸುವ ಕಣದಲ್ಲಿಯೂ ಇದೆ ಎಂಬ ತಿಳಿವಳಿಕೆ ಇದರ ಹಿಂದೆ ಇತ್ತು. ತಡವಾಗಿಯಾದರೂ ಬಂದ ತಿಳಿವಳಿಕೆ.

ಆದರೆ ವಿಂಗಡಣೆಯಲ್ಲಿ ಹೊರಬಿದ್ದ ರಾಶಿಯ ಗತಿಯೇನು? ಮಾವಿನಹಣ್ಣು ರಫ್ತಿಗೆ ಆಗದಿದ್ದರೆ ಊರಿನ ಪೇಟೆಯಲ್ಲಿ ಮಾರಿಹೋಗುತ್ತದೆ. ಗುಲಾಬಿ ಈರುಳ್ಳಿಗೆ ಊರಿನಲ್ಲಿ ಗಿರಾಕಿ ಕಡಿಮೆ. 20 ಮಿಲಿಮೀಟರಿನ ಗಡ್ಡೆಗೆ ರೈತ ಹಾಕಿದ ಗೊಬ್ಬರ, ಹಾಯಿಸಿದ ನೀರು 30ರದಕ್ಕೆ ಹಾಕಿದ್ದಷ್ಟೇ. ಇಲ್ಲಿ ಜರಡಿಯ ಒಂದೊಂದು ಕಣ್ಣೂ ಒಬ್ಬನ ಸಾಲದ ಲೆಕ್ಕವನ್ನು ಬದಲಿಸುತ್ತದೆ. ಇದಕ್ಕಿಂತ ಬಿಗಿಯಾದ ಪಾಡು ಮಿಡಿಸೌತೆಯದು. 1990ರ ಸುಮಾರಿಗೆ ಕರ್ನಾಟಕಕ್ಕೆ ಕರಾರಿನ ಬೇಸಾಯವಾಗಿ ಬಂದ ಈ ಬೆಳೆ ಪೂರ್ತಿಯಾಗಿ ಪರದೇಶದ ಉಪ್ಪಿನಕಾಯಿ ಸೀಸೆಗಳಿಗೆಂದೇ ಇರುವುದು. ಅದರ ದರ್ಜೆ ಒಂದು ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ. 160ಕ್ಕಿಂತ ಹೆಚ್ಚು ತೂಗುವ ಎಳೆಮಿಡಿಗೆ ಮೇಲಿನ ಬೆಲೆ. ಕಾಯಿ ದಪ್ಪವಾದಂತೆ ಬೆಲೆ ಇಳಿಯುತ್ತದೆ. ಬಳ್ಳಿಯಾದರೋ ರಾತ್ರಿಯೂ ಸುಮ್ಮನಿರುವುದಿಲ್ಲ. ಮನೆಯಲ್ಲಿ ಮದುವೆಯೋ ಸಾವೋ ಆಗಿ ಒಂದು ದಿನ ಬಿಡಿಸುವುದು ತಪ್ಪಿದರೆ ಮರುದಿನ ಕಾಯಿ ಒಂದು ದರ್ಜೆ ಕೆಳಗೆ ಇಳಿದಿರುತ್ತದೆ. ಬೇಸಾಯಗಾರ ಹೆಚ್ಚು ತೂಕ ಬೆಳೆದದ್ದಕ್ಕೆ ಕಡಿಮೆ ಹಣ ಪಡೆಯುವುದನ್ನು ನಮ್ಮ ಅಜ್ಜಂದಿರು ಕೇಳಿದ್ದರೆ ನಗುತ್ತಿದ್ದರು.

ಕೊಳ್ಳುವವರ ದೇಶದ ನಿಯಮಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ ಎಂಬುದನ್ನೂ ಹೇಳಬೇಕು. ಯುರೋಪಿನವರು 1988ರಲ್ಲಿ, ಮೇಲು ದರ್ಜೆಯ ಸೌತೆಕಾಯಿ 10 ಸೆಂಟಿಮೀಟರು ಉದ್ದಕ್ಕೆ 10 ಮಿಲಿಮೀಟರಿಗಿಂತ ಹೆಚ್ಚು ಡೊಂಕಿರಬಾರದೆಂದು ನಿಯಮ ಮಾಡಿದರು. ನೆಟ್ಟಗಿರುವ ಕಾಯಿಯನ್ನು ಪೆಟ್ಟಿಗೆಯಲ್ಲಿ ಜೋಡಿಸುವುದೂ ಎಣಿಸುವುದೂ ಸುಲಭ ಎಂಬುದೇ ಅದರ ತರ್ಕ. ಜಗತ್ತೆಲ್ಲ ನಕ್ಕ ಮೇಲೆ 2009ರಲ್ಲಿ ಅದನ್ನು ಕೈಬಿಟ್ಟರು. ಅದೇ ಯುರೋಪು 2014ರ ಮೇ ತಿಂಗಳಿನಿಂದ ನಮ್ಮ ಮಾವಿನಹಣ್ಣು, ಹಾಗಲ, ಬದನೆ, ಪಡವಲ, ಕೆಸುಗಳನ್ನು ತಡೆದಾಗ ನಗುವಂತಿರಲಿಲ್ಲ. ಹಿಂದಿನ ವರ್ಷ 207 ರವಾನೆಗಳಲ್ಲಿ ಹಣ್ಣುನೊಣವೇ ಮೊದಲಾದ ಕೀಟಗಳು ಸಿಕ್ಕಿದ್ದವು. ಆಮೇಲೆ ನಮ್ಮಲ್ಲಿ, ಅನುಮತಿ ಪಡೆದ ಕಟ್ಟುಮನೆಗಳಲ್ಲಿ ಸಸ್ಯ ಸಂಪರ್ಕನಿಷೇಧದ ಅಧಿಕಾರಿಯ ಕಣ್ಣೆದುರಿಗೇ ಪರೀಕ್ಷೆಯಾದ ಮಾಲು ಮಾತ್ರ ಅಲ್ಲಿಗೆ ಹೋಗತಕ್ಕದ್ದೆಂದಾಯಿತು. ಮಾವಿನ ಮೇಲಿನ ತಡೆ 2015ರ ಜನವರಿಯಲ್ಲಿ ತೆರವಾಯಿತು. ತರಕಾರಿಗಳು ಇನ್ನೂ ಕಾಯಬೇಕಾಯಿತು. ಡೊಂಕು ಕೊಳ್ಳುವವನ ಅನುಕೂಲದ ಮಾತು. ನೊಣ ಅವನ ತೋಟದ ಪ್ರಾಣದ ಮಾತು. ಇವೆರಡನ್ನೂ ಒಂದೇ 'ವಿದೇಶೀ ಕಿರುಕುಳ'ದ ಚೀಲಕ್ಕೆ ತುಂಬುವವರ ಜೊತೆ ನನ್ನ ಸಮ್ಮತಿಯಿಲ್ಲ.

ಗುಲಾಬಿ ಈರುಳ್ಳಿಗೆ ನಿಜವಾದ ಪರೀಕ್ಷೆ ಬಂದದ್ದು ಪರದೇಶದಿಂದಲ್ಲ, ದೆಹಲಿಯಿಂದ. ದೊಡ್ಡ ಈರುಳ್ಳಿಯ ಬೆಲೆ ಏರಿದಾಗಲೆಲ್ಲ ಸರ್ಕಾರ ರಫ್ತನ್ನು ನಿಲ್ಲಿಸುತ್ತದೆ. 2019ರ ಸೆಪ್ಟೆಂಬರ್ 29ರಂದು ಹಾಗಾಯಿತು. 2020ರ ಸೆಪ್ಟೆಂಬರ್ 14ರಂದು ಮತ್ತೆ ಆಯಿತು. ಆದೇಶ ಎಲ್ಲ ಬಗೆಯ ಈರುಳ್ಳಿಗೂ ಅನ್ವಯವಾಯಿತು. ನಾಸಿಕದ ಗಡ್ಡೆಯೂ ಈರುಳ್ಳಿಯೇ, ಚಿಕ್ಕಬಳ್ಳಾಪುರದ್ದೂ ಈರುಳ್ಳಿಯೇ. ದೆಹಲಿಯ ಗೃಹಿಣಿ ಎಂದೂ ಕೊಳ್ಳದ ಈ ಗಡ್ಡೆಯನ್ನು ತಡೆದಿಟ್ಟರೆ ಅಲ್ಲಿನ ಬೆಲೆ ಒಂದು ಪೈಸೆಯೂ ಇಳಿಯದು. ಇಲ್ಲಿ ಮಾತ್ರ ಕಿತ್ತ ಬೆಳೆ ಕೊಳೆಯುತ್ತದೆ. ರೈತರು ಮೊರೆಯಿಟ್ಟರು. 2019ರ ಅಕ್ಟೋಬರ್ ಕೊನೆಯಲ್ಲಿ 9,000 ಟನ್ನಿಗೆ, 2020ರ ಅಕ್ಟೋಬರ್ 9ರಂದು 10,000 ಟನ್ನಿಗೆ ವಿನಾಯಿತಿ ದೊರೆಯಿತು. ಚೆನ್ನೈ ಬಂದರಿನಿಂದ ಮಾತ್ರ ಹೋಗಬೇಕು, ಇದು ಗುಲಾಬಿ ಈರುಳ್ಳಿಯೇ ಹೌದೆಂದು ಕರ್ನಾಟಕದ ತೋಟಗಾರಿಕಾ ಆಯುಕ್ತರ ಪ್ರಮಾಣಪತ್ರ ಬೇಕು ಎಂಬ ಷರತ್ತುಗಳೊಡನೆ.

ಆ ವಿನಾಯಿತಿ ಸಾಧ್ಯವಾದದ್ದು ಹೇಗೆ? ಆ ಗಡ್ಡೆಗೆ ಅಷ್ಟರಲ್ಲಿ ಒಂದು ಹೆಸರಿತ್ತು, ಒಂದು ಅಳತೆಯಿತ್ತು, 2015ರಲ್ಲಿ ದೊರೆತ ಭೌಗೋಳಿಕ ಗುರುತು ಇತ್ತು. ಬೇರೆ ಈರುಳ್ಳಿಯ ರಾಶಿಯಿಂದ ಅದನ್ನು ಕಾಗದದ ಮೇಲೆಯೂ ಆರಿಸಿ ತೆಗೆಯಬಹುದಾಗಿತ್ತು. ಯಾವ ವಿಂಗಡಣೆಯನ್ನು ರೈತ ಇಷ್ಟು ಕಾಲ ಶಪಿಸುತ್ತಿದ್ದನೋ ಅದೇ ಅವನ ಬೆಳೆಯನ್ನು ಉಳಿಸಿತು. 2023ರ ಆಗಸ್ಟಿನಲ್ಲಿ ಈರುಳ್ಳಿಯ ಮೇಲೆ ಶೇಕಡಾ 40ರ ರಫ್ತು ಸುಂಕ ಬಿದ್ದಾಗಲೂ, ಸೆಪ್ಟೆಂಬರ್ ಕೊನೆಯಲ್ಲಿ ಇದೇ ಪ್ರಮಾಣಪತ್ರದ ಬಲದಿಂದ ಗುಲಾಬಿ ಈರುಳ್ಳಿಗೆ ಸುಂಕದಿಂದ ಬಿಡುಗಡೆಯಾಯಿತು.

ಹಾಗೆಂದು ನಾನು ನಿಯಮಗಳ ಭಟ್ಟಂಗಿಯಾಗಲಾರೆ. ಪ್ರಮಾಣಪತ್ರವನ್ನು ಪಡೆಯುವವನು ರಫ್ತುದಾರ. ಸರಕು ಯಾವುದು, ಎಷ್ಟು ಎಂಬುದನ್ನು ಅದು ಹೇಳುತ್ತದೆ. ಕೊಟ್ಟಿಗೆಯಲ್ಲಿ ಎಷ್ಟು ತಿರಸ್ಕೃತವಾಯಿತು, ಅದರ ನಷ್ಟ ಯಾರದಾಯಿತು ಎಂಬುದು ಅದರಲ್ಲಿ ಬರುವುದಿಲ್ಲ. ಹಳ್ಳಿಯ ಬೆಳೆಗಾರರ ಸಂಘಗಳ ಕೈಯಲ್ಲೇ ಒಂದು ಜರಡಿ, ಒಂದು ತಕ್ಕಡಿ ಇದ್ದು, ಮಾಲು ಲಾರಿಯೇರುವ ಮುನ್ನ ರೈತನ ಕಣದಲ್ಲೇ ದರ್ಜೆ ನಿಶ್ಚಯವಾಗಿ ಚೀಟಿ ಬರೆದುಕೊಡುವಂತಾದರೆ, ದಲ್ಲಾಳಿ ಮಂಡಿಯಲ್ಲಿ ಕುಳಿತು ಮತ್ತೊಮ್ಮೆ ಆರಿಸುವ ನೆಪ ಇರುವುದಿಲ್ಲ. ಆ ದಿನ ನಾನು ಕುಳಿತಿದ್ದ ಕೊಟ್ಟಿಗೆಯ ಹೊರಗೆ, ಹೊರತೆಗೆದ ಈರುಳ್ಳಿಯ ರಾಶಿ ಒಳಗಿನ ರಾಶಿಯ ಮೂರನೆಯ ಒಂದು ಪಾಲಿನಷ್ಟು ಬೆಳೆದಿತ್ತು. ಅದನ್ನು ತೂಗಿದವರು ಯಾರೂ ಇರಲಿಲ್ಲ. ಸಂಜೆ ಒಬ್ಬ ರೈತ ಗಾಡಿ ತಂದು, ಆಯ್ದು ಆಯ್ದು ಅರ್ಧವನ್ನು ತುಂಬಿಕೊಂಡು, ಉಳಿದದ್ದನ್ನು ತಿಪ್ಪೆಗೆ ಸುರಿಯಲು ಹೇಳಿ ಹೋದ.