ವಿದೇಶಿ ಪ್ರಜೆಗಳ ನೇಮಕ: ಉದ್ಯೋಗದಾತರ ಗಮನಕ್ಕೆ

ಭಾರತದಲ್ಲಿ ವಿದೇಶಿಯರಿಗೆ ಪ್ರತ್ಯೇಕ ಕೆಲಸದ ಪರವಾನಗಿ ಪದ್ಧತಿ ಇರುವುದಿಲ್ಲ; ಉದ್ಯೋಗ ವೀಸಾವೇ ಸದರಿ ಅನುಮತಿಯಾಗಿರುತ್ತದೆ. ನೇಪಾಳ ಮತ್ತು ಭೂತಾನ್ ಪ್ರಜೆಗಳಿಗೆ ವೀಸಾ ಅಗತ್ಯವಿರುವುದಿಲ್ಲ.

ಅರ್ಹತೆ:
1. ಅಭ್ಯರ್ಥಿಯು ಉನ್ನತ ಕೌಶಲ್ಯ ಅಥವಾ ವೃತ್ತಿಪರ ವಿದ್ಯಾರ್ಹತೆ ಹೊಂದಿರತಕ್ಕದ್ದು. ಅರ್ಹ ಭಾರತೀಯರು ಲಭ್ಯರಿರುವ ಹುದ್ದೆಗಳಿಗೆ ಹಾಗೂ ಗುಮಾಸ್ತೆ ಕೆಲಸಗಳಿಗೆ ವೀಸಾ ನೀಡಲಾಗುವುದಿಲ್ಲ.
2. ವಾರ್ಷಿಕ ವೇತನವು ರೂ. 16.25 ಲಕ್ಷ ಮೀರಿರತಕ್ಕದ್ದು. ತಮ್ಮ ದೇಶದ ಅಡುಗೆ ತಯಾರಿಸುವ ಬಾಣಸಿಗರು, ಅನುವಾದಕರು ಹಾಗೂ ಇಂಗ್ಲಿಷ್ ಹೊರತಾದ ಭಾಷೆಗಳ ಶಿಕ್ಷಕರಿಗೆ ಈ ಮಿತಿಯಿಂದ ವಿನಾಯಿತಿ ಇರುತ್ತದೆ.

ವಿಧಾನ:
1. ಅಭ್ಯರ್ಥಿಯು ಉದ್ಯೋಗದ ಕರಾರು ಪತ್ರದೊಂದಿಗೆ ಸ್ವದೇಶದಲ್ಲಿನ ಅಥವಾ ಕಾಯಂ ವಾಸವಿರುವ ದೇಶದಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ವೀಸಾ ಪಡೆಯತಕ್ಕದ್ದು.
2. ವೀಸಾ ಅವಧಿಯು 180 ದಿನಗಳಿಗೆ ಮೀರಿದ್ದಲ್ಲಿ, ಆಗಮಿಸಿದ 14 ದಿನಗಳೊಳಗಾಗಿ ವಿದೇಶಿಯರ ಪ್ರಾದೇಶಿಕ ನೋಂದಣಿ ಅಧಿಕಾರಿಯಲ್ಲಿ ಆನ್‌ಲೈನ್ ಮೂಲಕ ನೋಂದಾಯಿಸಿಕೊಳ್ಳತಕ್ಕದ್ದು. ಬೆಂಗಳೂರಿನಲ್ಲಿ ಸದರಿ ಕಚೇರಿ ಇರುತ್ತದೆ.

ಎಚ್ಚರಿಕೆ:
ಪ್ರವಾಸಿ ವೀಸಾದ ಮೇಲೆ ಬಂದವರನ್ನು ಕೆಲಸಕ್ಕೆ ನೇಮಿಸಿಕೊಳ್ಳುವಂತಿಲ್ಲ. ಆ ವೀಸಾವನ್ನು ಉದ್ಯೋಗ ವೀಸಾ ಆಗಿ ಪರಿವರ್ತಿಸಲು ಅವಕಾಶವಿರುವುದಿಲ್ಲ. ಉದ್ಯೋಗ ವೀಸಾ ಹೊಂದಿದವರೂ ಭಾರತದಲ್ಲಿದ್ದುಕೊಂಡು ಇಚ್ಛಾನುಸಾರ ಬೇರೆ ಸಂಸ್ಥೆಗೆ ಸೇರುವಂತಿಲ್ಲ. ವೀಸಾ ಷರತ್ತು ಉಲ್ಲಂಘಿಸಿದ ವಿದೇಶಿಯರಿಗೆ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025ರನ್ವಯ 3 ವರ್ಷಗಳವರೆಗೆ ಸೆರೆವಾಸ ಅಥವಾ ರೂ. 3 ಲಕ್ಷದವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಉದ್ಯೋಗದಾತರ ಅಲಕ್ಷ್ಯಕ್ಕೆ ನೌಕರರು ದಂಡನೆಗೆ ಗುರಿಯಾಗದಂತೆ, ವೀಸಾ ಪರಿಶೀಲಿಸಿದ ನಂತರವೇ ಕೆಲಸಕ್ಕೆ ಹಾಜರುಪಡಿಸಿಕೊಳ್ಳತಕ್ಕದ್ದು.