ಕಾಗದವಿಲ್ಲದವರ ಹಾಡು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಎಂದರೆ ನಮಗೆ ಹೊಗೆಸೊಪ್ಪು, ಭತ್ತ, ಆನೆಗಳ ನೆನಪು. ಆದರೆ ನೆಲ ಕಳೆದುಕೊಂಡ ಎರಡು ಜನಾಂಗಗಳು ಈ ಸೀಮೆಯಲ್ಲಿ ನೆರೆಹೊರೆಯಾಗಿ ಬದುಕುತ್ತಿವೆ. ಟಿಬೆಟಿಯನ್ನರು ಹಿಮಾಲಯ ದಾಟಿ ಬಂದವರು. ಜೇನು ಕುರುಬರು ಎಲ್ಲಿಂದಲೂ ಬಾರದೆ, ಇದ್ದಲ್ಲೇ ಪರಕೀಯರಾದವರು. ಇಬ್ಬರೂ ತಮ್ಮ ಸಂಕಟವನ್ನು ಪದಕಟ್ಟಿ ಹೇಳಿಕೊಂಡರು. ಒಬ್ಬರದ್ದನ್ನು ಮಾತ್ರ ಲೋಕ ಕಾವ್ಯವೆಂದು ಓದಿತು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬಳಿಕ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು ಜೋಳದ ಹೊಲ ಮಾಡಿದ್ದು ಮೊದಲ ತಲೆಮಾರು. ಹುಣಸೂರಿನ ಗುರುಪುರದ ನೆಲೆ ಬಂದದ್ದು 1972ರ ಹೊತ್ತಿಗೆ. ಭಾರತದಲ್ಲೇ ಹುಟ್ಟಿದ ಎರಡನೇ ತಲೆಮಾರು ಇಂಗ್ಲಿಷಿನಲ್ಲಿ ಕವಿತೆ ಬರೆಯಿತು. ಅವರಲ್ಲಿ ಹೆಸರಾದ ತೆನ್ಜಿನ್ ತ್ಸುಂಡೆ ಹಿಮಾಚಲದ ರಸ್ತೆ ಕೂಲಿಗಳ ಮಗ. 2001ರಲ್ಲಿ ಅವರ ದೇಶಭ್ರಷ್ಟತೆಯ ಪ್ರಬಂಧಕ್ಕೆ ಔಟ್‌ಲುಕ್-ಪಿಕಾಡರ್ ಬಹುಮಾನ ಬಂತು. 2005ರಲ್ಲಿ ಚೀನಾದ ಪ್ರಧಾನಿ ಬೆಂಗಳೂರಿಗೆ ಬಂದಾಗ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರ ಹತ್ತಿ ಬಾವುಟ ಹಾರಿಸಿದವರೂ ಅವರೇ. ಇಲ್ಲೇ ಹುಟ್ಟಿಯೂ 'ವಿದೇಶಿ' ಎಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕಾದ ಅವಮಾನ ಈ ಬರಹಗಳ ಒಡಲಲ್ಲಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಜನ್ಮತಃ ಭಾರತೀಯರೆಂದು ಕರ್ನಾಟಕ ಹೈಕೋರ್ಟು ಹೇಳಿದ್ದು 2013ರಲ್ಲಿ.

ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಈ ದನಿ ಹೊಸದಲ್ಲ. ಹಾಳಾದ ನಗರಕ್ಕಾಗಿ ಅಳುವ 'ಶಹರ್ ಆಶೋಬ್' ಎಂಬ ಪ್ರಕಾರವೇ ಉರ್ದುವಿನಲ್ಲಿದೆ. 1857ರ ನಂತರ ದಿಲ್ಲಿಗಾಗಿ ಅತ್ತ ಕವಿತೆಗಳು 1863ರಲ್ಲೇ ಒಟ್ಟಾಗಿ ಅಚ್ಚಾದವು. ಒಂದು ಮಾತನ್ನು ಮಾತ್ರ ಮರೆಯಬಾರದು. ಅತ್ತವರ ಕೈಯಲ್ಲಿ ಲೇಖನಿ ಇತ್ತು, ಓದುವವರೂ ಇದ್ದರು.

ಜೇನು ಕುರುಬರಿಗೆ ಅದೊಂದೂ ಇರಲಿಲ್ಲ. ಅರಸರ ಕಾಲದಿಂದ ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆ ಹಿಡಿದು ಪಳಗಿಸಿದವರು ಅವರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ಎಚ್.ಡಿ.ಕೋಟೆಯ ಹಾಡಿಗಳನ್ನೂ ಕಾಡನ್ನೂ ನುಂಗಿತು. ಉಳಿದವರನ್ನು ನಾಗರಹೊಳೆಯ ಅಭಯಾರಣ್ಯ ಹೊರಗೆ ತಳ್ಳಿತು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ಆದಿವಾಸಿ ಕುಟುಂಬಗಳು 3,418 ಎಂದು ಲೆಕ್ಕ ಕೊಟ್ಟಿತು. ಕಾಡೊಳಗೆ ಅವರಿಗಿಟ್ಟ ಹೆಸರು 'ಒತ್ತುವರಿದಾರ'. ಅದೇ ಕಾಡಿನಲ್ಲಿ ತಾರಾ ಹೋಟೆಲಿಗೆ ಜಾಗ ಸಿಕ್ಕಿತ್ತು! ಆದಿವಾಸಿಗಳೇ ಹೋರಾಡಿ 1997ರಲ್ಲಿ ಹೈಕೋರ್ಟಿನಿಂದ ಅದನ್ನು ನಿಲ್ಲಿಸಬೇಕಾಯಿತು.

ಇವರ ನೋವು ಅಳುವಾಗಿ ಬರಲಿಲ್ಲ, ಬೈಗುಳವಾಗಿ ಬಂತು. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ತಿತಿಮತಿ ಬಳಿಯ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ. ಗಂಡಸರು ಹೆಣ್ಣುವೇಷ ತೊಟ್ಟು, ಸೋರೆಬುರುಡೆ, ತಗಡಿನ ಡಬ್ಬ, ಪ್ಲಾಸ್ಟಿಕ್ ಕೊಡ ಬಡಿಯುತ್ತ, ಸಿಕ್ಕವರನ್ನೆಲ್ಲ ತಡೆದು ಕಾಸು ಕೇಳುತ್ತಾರೆ, ಬೈದು ಹಾಡುತ್ತಾರೆ. ವರ್ಷವಿಡೀ ತಲೆತಗ್ಗಿಸಿ ಕೂಲಿ ಮಾಡುವ ತೋಟದ ಒಡೆಯನೂ ಅಂದು ಹೊರತಲ್ಲ. ದೇವರಿಗೂ ಬೈಗುಳ ತಪ್ಪದು. ಬೇಟೆಗೆಂದು ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಗೆ ಮನಸೋತು ಇವರನ್ನು ನಡುಗಾಡಿನಲ್ಲಿ ಬಿಟ್ಟುಹೋದನೆಂಬುದು ಕಥೆ. ಪತ್ರಿಕೆಗಳಿಗೆ ಇದು ಮೋಜಿನ ಚಿತ್ರ. ನಮಗಂತೂ ನಂಬಿ ಹಿಂದೆ ಹೋದವರನ್ನು ಕೈಬಿಟ್ಟ ಎಲ್ಲ ಒಡೆಯರ ಕಥೆ ಇದರಲ್ಲಿ ಕೇಳಿಸುತ್ತದೆ. ಅಶ್ಲೀಲವೆಂದು ಮೂಗು ಮುರಿಯುವ ನಾಗರಿಕರು, ಆ ನಾಲಗೆಗೆ ಉಳಿದ ದಿನಗಳಲ್ಲಿ ಯಾರು ಬೀಗ ಹಾಕಿದರೆಂದು ಕೇಳಿದ್ದುಂಟೆ?

ಹಾಡಿಗೂ ನೆಲಕ್ಕೂ ಈಗ ಇನ್ನೊಂದು ನಂಟು ಸಾಧ್ಯವಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಜಾರಿಗೆ ಬಂದದ್ದು 2008ರ ಜನವರಿಯಲ್ಲಿ. 13ನೇ ನಿಯಮದಂತೆ ಸರ್ಕಾರಿ ದಾಖಲೆಯೊಂದೇ ಪುರಾವೆಯಲ್ಲ; ಹಳೆಯ ಬಾವಿ, ಸಮಾಧಿ, ದೈವದ ತಾಣಗಳೂ, ಹಕ್ಕು ಕೇಳಿದವರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆಯೂ ಪುರಾವೆಯೇ. ಹಾಗಿದ್ದೂ 2025ರ ಮೇ ತಿಂಗಳಲ್ಲಿ ಕೊಡಗಿನ ಕರಡಿಕಲ್ಲಿನ ಜೇನು ಕುರುಬರು ತಮ್ಮ ಹಳೆಯ ಹಾಡಿಗೆ ತಾವಾಗಿ ನುಗ್ಗಿ ಗುಡಿಸಲು ಹಾಕಬೇಕಾಯಿತು. ತಾನೇ ಹಕ್ಕು ಕೇಳಿರದ ಹಾಡಿಯ ಅಜ್ಜಿಯೊಬ್ಬಳು ಬಿಟ್ಟುಬಂದ ಹಳ್ಳ, ಮರ, ದೈವಗಳ ಹೆಸರು ಹಿಡಿದು ಹಾಡಿದರೆ, ಅದನ್ನು ಅವಳ ಹೇಳಿಕೆಯಾಗಿ ಬರೆದುಕೊಂಡು ಗ್ರಾಮಸಭೆಯ ಮುಂದಿಡಲು ಆ ನಿಯಮದಲ್ಲಿ ಅಡ್ಡಿಯೇನೂ ಕಾಣದು.