ಡಿಸೆಂಬರಿನ ದ್ವೀಪ

ಚಳಿಗಾಲದ ರಜೆಗೆ ಕಡಲತೀರ ಬೇಕು, ಅದೂ ದ್ವೀಪವೇ ಆಗಬೇಕು ಎಂದರೆ ನಮ್ಮ ಮನೆಗಳಲ್ಲಿ ಈಗ ಎರಡು ಹೆಸರು ಕೇಳಿಬರುತ್ತವೆ: ಮಾಲ್ಡೀವ್ಸ್ ಮತ್ತು ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿಬಂದ ಚಿತ್ರಗಳ ಬೆನ್ನಿಗೇ ಮಾಲ್ಡೀವ್ಸಿನ ಮೂವರು ಉಪಸಚಿವರು ಆಡಿದ ಮಾತಿನಿಂದ ಜಗಳ ಹುಟ್ಟಿತು. ರಜೆಗೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ದೇಶಪ್ರೇಮದ ಪರೀಕ್ಷೆಯಾಯಿತು. ಅದು ಇದಾಗಲಿ, ಇದು ಅದಾಗಲಿ ಎಂದವರೇ ಎಲ್ಲ. ಒಂದೇ ಕಡಲಿನ ಈ ಎರಡು ಹವಳದ ಸಾಲುಗಳು ಬೇರೆ ಬೇರೆ ದಾರಿ ಹಿಡಿದದ್ದು ಯಾಕೆ ಎಂದು ಕೇಳಿದವರು ಕಡಿಮೆ.

ಮಾಲ್ಡೀವ್ಸಿನ ಕತೆ ಬಹಳ ಹಳೆಯದಲ್ಲ. 1972ರವರೆಗೆ ಅಲ್ಲಿ ಪ್ರವಾಸಿಗರಿಗೆಂದು ಒಂದು ರೆಸಾರ್ಟೂ ಇರಲಿಲ್ಲ. ಆ ವರ್ಷದ ಆರಂಭದಲ್ಲಿ ಜಾರ್ಜ್ ಕಾರ್ಬಿನ್ ಎಂಬ ಇಟಲಿಯ ಪ್ರವಾಸ ಏಜೆಂಟ್ ತನ್ನ ದೇಶದ ಒಂದು ಸಣ್ಣ ತಂಡವನ್ನು ಕರೆತಂದ. ಅದೇ ಅಕ್ಟೋಬರಿನಲ್ಲಿ ರಾಜಧಾನಿ ಮಾಲೆಯ ಹತ್ತಿರದ ತೆಂಗಿನ ದ್ವೀಪವೊಂದರಲ್ಲಿ ಮೊದಲ ರೆಸಾರ್ಟ್ ತೆರೆಯಿತು. ಹೆಸರು ಕುರುಂಬಾ, ದಿವೆಹಿ ಭಾಷೆಯಲ್ಲಿ ಎಳನೀರು ಎಂದರ್ಥ. ಯುರೋಪ್ ಮಂಜಿನಲ್ಲಿ ಹೂತಿರುವ ತಿಂಗಳುಗಳಲ್ಲೇ ಈ ಕಡಲಿನಲ್ಲಿ ಈಶಾನ್ಯದ ಒಣಗಾಳಿ ಬೀಸುತ್ತದೆ, ಅಲೆ ತಗ್ಗುತ್ತದೆ, ನೀರು ತಿಳಿಯಾಗುತ್ತದೆ. ಈ ಹೊಂದಾಣಿಕೆಯೇ ಆ ದೇಶದ ಬಂಡವಾಳವಾಯಿತು.

ಸರ್ಕಾರ ಹಿಡಿದ ನಿಯಮವೂ ಸರಳವಾಗಿತ್ತು: ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅದೂ ಜನವಸತಿ ಇಲ್ಲದ ದ್ವೀಪದಲ್ಲಿ. ಸುಮಾರು 1,200 ದ್ವೀಪಗಳಿರುವ ದೇಶದಲ್ಲಿ ಅದು ಸಾಧ್ಯವಿತ್ತು. ಪ್ರವಾಸಿಯ ಮದ್ಯ, ಈಜುಡುಗೆಗಳು ಒಂದು ಕಡೆ. ಮಸೀದಿ, ಶಾಲೆ, ಮೀನಿನ ದೋಣಿ ಇನ್ನೊಂದು ಕಡೆ. ಊರುಗಳಿರುವ ದ್ವೀಪಗಳಲ್ಲಿ ಸ್ಥಳೀಯರೇ ಅತಿಥಿಗೃಹ ನಡೆಸಲು ಅವಕಾಶ ಸಿಕ್ಕಿದ್ದು ಸುಮಾರು ನಾಲ್ಕು ದಶಕಗಳ ನಂತರ.

ಲಕ್ಷದ್ವೀಪದ ಕತೆಯಲ್ಲಿ ನಮ್ಮ ಮಂಗಳೂರೂ ಇದೆ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮೀನಿದಿವಿ ದ್ವೀಪಗಳ ಜನ 18ನೇ ಶತಮಾನದ ಕೊನೆಯ ಭಾಗದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ ಟಿಪ್ಪುವಿನ ಆಶ್ರಯ ಕೇಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಯ ಕೈಗೆ ಬಂದು, ಮಂಗಳೂರಿನಿಂದ ಆಡಳಿತ ನಡೆಯತೊಡಗಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಇಂದು ಪ್ರವಾಸಿಗರು ನೀರಿಗಿಳಿಯುವ ಕಡಮತ್ ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯ ಊರು.

ಆ ಊರಿನವರಿಗೂ ಚಳಿಗಾಲವೇ ಮುಖ್ಯ ಋತು, ಆದರೆ ಅದು ರಜೆಯಲ್ಲ. ಮಳೆಗಾಲದಲ್ಲಿ ಕಡಲು ಮುಚ್ಚಿಹೋಗುತ್ತಿತ್ತು. ಗಾಳಿ ಶಾಂತವಾದ ತಿಂಗಳುಗಳಲ್ಲಿ ಹಾಯಿ ಹಡಗುಗಳು ಸುಮಾರು 300 ಕಿ.ಮೀ. ದಾಟಿ ಮಂಗಳೂರಿಗೆ ಬರುತ್ತಿದ್ದವು. ತರುತ್ತಿದ್ದದ್ದು ನಾರಿನ ಹುರಿ: ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೆನೆಸಿ, ಬಡಿದು, ಹೆಂಗಸರು ಕೈಯಲ್ಲೇ ಹೊಸೆದದ್ದು. ಒಯ್ಯುತ್ತಿದ್ದದ್ದು ಅಕ್ಕಿ. ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯ, ದರವೂ ಅದರದೇ. ಆ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ಈ ಕೆಲವು ತಿಂಗಳುಗಳಲ್ಲಿ ಅಕ್ಕಿ ಸೇರದಿದ್ದರೆ ಮುಂದಿನ ಮಳೆಗಾಲಕ್ಕೆ ಹಸಿವೇ ಗತಿ.

ಇನ್ನೊಂದು ಲೆಕ್ಕವಿದೆ. ಲಕ್ಷದ್ವೀಪದಲ್ಲಿರುವುದು 36 ದ್ವೀಪ, ಒಟ್ಟು ನೆಲ ಸುಮಾರು 32 ಚದರ ಕಿ.ಮೀ., ಜನ 2011ರ ಗಣತಿಯಂತೆ 64,473. ಹೊಳೆ ಇಲ್ಲ, ಕೆರೆ ಇಲ್ಲ. ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಮಳೆನೀರೇ ಬಾವಿಯ ನೀರು. ಹೆಚ್ಚು ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕಡಲ ನೀರನ್ನು ಸಿಹಿ ಮಾಡುವ ಘಟಕಗಳು ಬಂದದ್ದು ಇತ್ತೀಚೆಗೆ. ಭಾರತೀಯರೂ ಅನುಮತಿ ಪತ್ರ ಪಡೆದೇ ಅಲ್ಲಿಗೆ ಹೋಗಬೇಕಾದದ್ದನ್ನು ಕಿರಿಕಿರಿ ಎನ್ನುವವರು ಈ ಲೆಕ್ಕವನ್ನೂ ನೋಡಬೇಕು. ಮಾಲ್ಡೀವ್ಸಿನಲ್ಲಿ ಅತಿಥಿಗೆಂದು ಬೇರೆಯೇ ದ್ವೀಪ ಎತ್ತಿಡಬಹುದಿತ್ತು. ಇಲ್ಲಿ ಬಂಗಾರಂನಂಥ ಕೆಲವನ್ನು ಬಿಟ್ಟರೆ ಅತಿಥಿ ಇಳಿಯುವುದು ಯಾರದೋ ಮನೆಯ ಬಾವಿಯ ಪಕ್ಕದಲ್ಲಿ. ಜನವಿಲ್ಲದ ದ್ವೀಪವೂ ಯಾರದೋ ತೆಂಗಿನ ತೋಟ, ಯಾರದೋ ಮೀನಿನ ನೆಲೆ.

ಹಾಗೆಂದು ಹೋಗಬಾರದೆಂದಲ್ಲ. ಆಯ್ಕೆ ಮಾಡುವಾಗ ಹೋಟೆಲಿನ ಚಿತ್ರದ ಜೊತೆಗೆ ಕುಡಿಯುವ ನೀರು ಎಲ್ಲಿಂದ, ಕಸ ಎಲ್ಲಿಗೆ, ಕೋಣೆಯ ಬಾಡಿಗೆ ಯಾರ ಕೈಗೆ ಎಂದು ಕೇಳಿದರೆ ಎರಡು ಹೆಸರುಗಳ ನಡುವಿನ ಜಗಳ ತಾನಾಗಿ ಸಣ್ಣದಾಗುತ್ತದೆ. ಮಂಗಳೂರಿನ ಹಳೇ ಬಂದರಿಗೆ ಡಿಸೆಂಬರಿನಲ್ಲೊಮ್ಮೆ ಹೋಗಿ ನೋಡಿ. ಲಕ್ಷದ್ವೀಪಕ್ಕೆ ಹೊರಟ ಮಂಜಿಗಳಿಗೆ ಇಂದಿಗೂ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬುತ್ತಾರೆ. ನಾವು ರಜೆಗೆ ಹೊರಡುವ ಹೊತ್ತಿಗೆ ದ್ವೀಪದವರು ಮಳೆಗಾಲಕ್ಕೆ ಸಾಮಾನು ಕೂಡಿಡುತ್ತಿರುತ್ತಾರೆ.